ಬ್ಯಾಕ್ಟೀರಿಯಾದಿಂದ ಕಿಣ್ವ ತೆಗೆಯಲು ಯಾವ ಸಕ್ಕರೆ, ಎಷ್ಟು ಬಿಸಿ, ಎಷ್ಟು ಗಾಳಿ? ಹೋಲಿಸಿ ಆರಿಸುವ ಬಗೆ

ಫ್ಲಾಸ್ಕ್‌ನಲ್ಲಿ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿದೆ. ಆದರೆ ಕಿಣ್ವ ಅಳೆದು ನೋಡಿದರೆ ಹೆಚ್ಚುಕಮ್ಮಿ ಸೊನ್ನೆ. ಮೈಕ್ರೋಬಯಾಲಜಿ ಪ್ರಾಜೆಕ್ಟ್ ಮಾಡುವ ಬಹಳ ಜನಕ್ಕೆ ಈ ಸಂಕಟ ಗೊತ್ತು. ತಳಿಯೇ ಸರಿಯಿಲ್ಲ, ಬೇರೆ ಹುಡುಕೋಣ ಅನ್ನಿಸುತ್ತದೆ ಆಗ. ತಳಿ ಬದಲಿಸುವ ಮೊದಲು ಒಮ್ಮೆ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ದ್ರವದ ಕಡೆ ನೋಡಿ. ಬೆಳೆಯಲು ಒಳ್ಳೆಯದಾದ ಪರಿಸ್ಥಿತಿ ಕಿಣ್ವಕ್ಕೂ ಒಳ್ಳೆಯದೇ ಆಗಬೇಕೆಂದಿಲ್ಲ. ಎಷ್ಟೋ ಸಲ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತವೆ.

ಒಂದು ಕಿಣ್ವ ಕಟ್ಟಲು ನೂರಾರು ಅಮೈನೋ ಆಮ್ಲಗಳನ್ನು ಜೋಡಿಸಬೇಕು. ಒಂದೊಂದು ಜೋಡಣೆಗೂ ಶಕ್ತಿ ಖರ್ಚು. ಬೇಡದ ಕಿಣ್ವಕ್ಕೆ ಖರ್ಚು ಮಾಡುವ ಕೋಶ ನಿಧಾನವಾಗಿ ಬೆಳೆಯುತ್ತದೆ, ಪಕ್ಕದ ಕೋಶಗಳಿಗಿಂತ ಹಿಂದೆ ಬೀಳುತ್ತದೆ. ಹಾಗಾಗಿ ನಾವು ಬಯಸುವ ಎಷ್ಟೋ ಕಿಣ್ವಗಳನ್ನು ಬ್ಯಾಕ್ಟೀರಿಯಾ ಅಗತ್ಯ ಬಿದ್ದಾಗ ಮಾತ್ರ ತಯಾರಿಸುತ್ತದೆ. ಸಕ್ಕರೆ, ತಾಪಮಾನ, ಗಾಳಿ ಯಾವುದನ್ನೇ ಆರಿಸುವ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಿಣ್ವ ಬ್ಯಾಕ್ಟೀರಿಯಾಗೆ ಯಾವಾಗ ಬೇಕಾಗುತ್ತದೆ?

ಪಿಷ್ಟ ಒಡೆಯುವ ಅಮೈಲೇಸ್, ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಥರದವು ಸುಲಭದ ಆಹಾರ ಮುಗಿದ ಮೇಲೆ ಬೇಕಾಗುತ್ತವೆ. ಹೊರಗಿರುವ ದೊಡ್ಡ ಅಣುಗಳನ್ನು ಒಡೆದು ತಿನ್ನಲು ಅವುಗಳನ್ನು ಕೋಶ ಹೊರಕ್ಕೆ ಬಿಡುತ್ತದೆ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್ ಬೇಕಾಗುವುದು ಆ ಸಕ್ಕರೆ ಸಿಕ್ಕಾಗ. ಉಸಿರಾಟಕ್ಕೆ ನೈಟ್ರೇಟ್ ಬಳಸುವ ನೈಟ್ರೇಟ್ ರಿಡಕ್ಟೇಸ್ ಬೇಕಾಗುವುದು ಆಮ್ಲಜನಕ ಇಲ್ಲದಾಗ. ಇನ್ನು ನಾವೇ ಹೊರಗಿನ ಜೀನ್ ಸೇರಿಸಿ, ಸ್ವಿಚ್ ಇಟ್ಟು ಮಾಡಿಸುವ ಕಿಣ್ವಗಳ ಕಥೆಯೇ ಬೇರೆ. ಅವು ಬ್ಯಾಕ್ಟೀರಿಯಾಗೆ ಯಾವತ್ತೂ ಬೇಡ, ಬೇಕಿರುವುದು ನಮಗೆ. ನಿಮ್ಮ ಕಿಣ್ವ ಇವುಗಳಲ್ಲಿ ಯಾವ ಗುಂಪಿನದು ಎಂದು ಗೊತ್ತಾದರೆ ಮುಂದಿನ ಆಯ್ಕೆಗಳಲ್ಲಿ ಅರ್ಧ ತಾನಾಗಿಯೇ ಮುಗಿದಂತೆ.

ಗ್ಲೂಕೋಸೋ, ಪಿಷ್ಟವೋ, ಗ್ಲಿಸರಾಲೋ

ಇದು ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಫ್ರಾನ್ಸಿನ ಜಾಕ್ ಮೊನೊ 1940ರ ದಶಕದ ಆರಂಭದಲ್ಲಿ ಬ್ಯಾಕ್ಟೀರಿಯಾಗಳಿಗೆ ಎರಡು ಸಕ್ಕರೆ ಒಟ್ಟಿಗೆ ಕೊಟ್ಟು ಬೆಳವಣಿಗೆ ಅಳೆದರು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡೂ ಇದ್ದರೆ ಇ. ಕೋಲಿ (ಲ್ಯಾಬ್‌ಗಳಲ್ಲಿ ಬಹಳ ಬಳಸುವ ಕರುಳಿನ ಬ್ಯಾಕ್ಟೀರಿಯಾ) ಮೊದಲು ಗ್ಲೂಕೋಸ್ ಮುಗಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬೆಳವಣಿಗೆ ನಿಲ್ಲುತ್ತದೆ. ಆ ಬಿಡುವಿನಲ್ಲಿ ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಾಗುತ್ತದೆ. ನಂತರ ಎರಡನೇ ಸಲ ಬೆಳವಣಿಗೆ ಏರುತ್ತದೆ. ಬಿಸಿ ಊಟ ಬಡಿಸಿಟ್ಟಿರುವಾಗ ಯಾರೂ ಒಲೆ ಹಚ್ಚಲು ಹೋಗುವುದಿಲ್ಲ, ಅಲ್ವಾ? ಇದರ ಹಿಂದಿನ ಜೀನ್ ಸ್ವಿಚ್ಚನ್ನು ಮೊನೊ ಮತ್ತು ಫ್ರಾಂಸ್ವಾ ಜಾಕೋಬ್ 1961ರಲ್ಲಿ ವಿವರಿಸಿದರು. 1965ರಲ್ಲಿ ಆಂದ್ರೆ ಲ್ವಾಫ್ ಅವರ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಈ ಸ್ವಿಚ್‌ನ ಬಲ ಎಷ್ಟು ಗೊತ್ತೇ? ಲ್ಯಾಕ್ಟೋಸ್ ಇಲ್ಲದಾಗ ಒಂದು ಇ. ಕೋಲಿ ಕೋಶದಲ್ಲಿ ಬೀಟಾ-ಗ್ಯಾಲಕ್ಟೋಸಿಡೇಸ್ ಅಣುಗಳು ಬೆರಳೆಣಿಕೆಯಷ್ಟು. ಗ್ಲೂಕೋಸ್ ಇಲ್ಲದೆ ಲ್ಯಾಕ್ಟೋಸ್ ಮಾತ್ರ ಇದ್ದಾಗ ಅದು ಸಾವಿರ ಪಟ್ಟಿನಷ್ಟು ಏರುತ್ತದೆ. ತಾಪಮಾನ, ಪಿಎಚ್ ಸರಿಪಡಿಸಿ ನೀವು ಇಮ್ಮಡಿ, ಮುಮ್ಮಡಿ ಲಾಭ ಪಡೆಯಬಹುದು. ಸಕ್ಕರೆಯ ಆಯ್ಕೆ ತಪ್ಪಿದರೆ ಅದೆಲ್ಲ ಸೇರಿದರೂ ಆ ನಷ್ಟ ತುಂಬುವುದಿಲ್ಲ.

ಹಾಗಾದರೆ ಗ್ಲೂಕೋಸ್ ಬೇಡವೇ ಬೇಡವೇ? ಹಾಗೇನಿಲ್ಲ. ನಿಮ್ಮ ಕಿಣ್ವ ಕೋಶದ ದಿನನಿತ್ಯದ ಕೆಲಸಕ್ಕೆ ಬೇಕಾದದ್ದಾಗಿದ್ದರೆ ಗ್ಲೂಕೋಸ್ ಅಡ್ಡಿ ಮಾಡುವುದಿಲ್ಲ. ಕೋಶ ಜಾಸ್ತಿ ಆದಷ್ಟೂ ಕಿಣ್ವ ಜಾಸ್ತಿ. ಆದರೆ ಆಹಾರ ಒಡೆಯುವ ಕಿಣ್ವವಾಗಿದ್ದರೆ ಫ್ಲಾಸ್ಕ್‌ಗೆ ಒಂದೇ ಸಲ ಗ್ಲೂಕೋಸ್ ಸುರಿಯಬೇಡಿ. ಇ. ಕೋಲಿಯಲ್ಲಿ ಗ್ಲೂಕೋಸ್ ಎರಡು ರೀತಿ ತಡೆಯುತ್ತದೆ. ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣುವನ್ನು ಇಳಿಸಿ ಜೀನ್ ಓದುವುದನ್ನು ಕುಗ್ಗಿಸುತ್ತದೆ. ಜೊತೆಗೆ ಬೇರೆ ಸಕ್ಕರೆ ಒಳಗೆ ಬರುವ ಬಾಗಿಲನ್ನೂ ಮುಚ್ಚುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ದಾರಿ ಬೇರೆ. ಅಲ್ಲಿ ಸಿಸಿಪಿಎ ಎಂಬ ಪ್ರೋಟೀನ್ ಹೋಗಿ ಡಿಎನ್ಎ ಮೇಲೆ ಕೂತು ಅಮೈಲೇಸ್ ಜೀನನ್ನು ತಡೆಹಿಡಿಯುತ್ತದೆ. ದಾರಿ ಯಾವುದಾದರೂ ಫಲ ಒಂದೇ.

ಇಲ್ಲಿ ಒಂದು ಅಪವಾದ ನೆನಪಿಟ್ಟುಕೊಳ್ಳಿ. ಸ್ಯೂಡೋಮೊನಾಸ್‌ಗಳಿಗೆ ಗ್ಲೂಕೋಸ್‌ಗಿಂತ ಸಕ್ಸಿನೇಟ್‌ನಂಥ ಸಾವಯವ ಆಮ್ಲಗಳು ಇಷ್ಟ. ಅವುಗಳಲ್ಲಿ ಬೇರೆ ಕಿಣ್ವಗಳನ್ನು ತಡೆಯುವುದು ಸಕ್ಸಿನೇಟ್. ಇ. ಕೋಲಿಯ ನಿಯಮವನ್ನು ಎಲ್ಲ ಬ್ಯಾಕ್ಟೀರಿಯಾಗಳಿಗೂ ಹಚ್ಚಲು ಹೋಗಬಾರದು.

ಪಿಷ್ಟ ಆರಿಸಿದರೆ ಏನಾಗುತ್ತದೆ? ಪಿಷ್ಟದ ಅಣು ಕೋಶದೊಳಗೆ ಹೋಗಲಾರದಷ್ಟು ದೊಡ್ಡದು. ಹೊರಗಿರುವ ಸ್ವಲ್ಪ ಅಮೈಲೇಸ್ ಅದನ್ನು ನಿಧಾನವಾಗಿ ಒಡೆಯುತ್ತದೆ. ಸಕ್ಕರೆ ಹನಿಹನಿಯಾಗಿ ಸಿಗುತ್ತದೆ, ಬ್ಯಾಕ್ಟೀರಿಯಾ ಅದನ್ನು ಆಗಲೇ ತಿಂದು ಮುಗಿಸುತ್ತದೆ. ಹಾಗಾಗಿ ತಡೆ ಬೀಳುವುದಿಲ್ಲ. ಪಿಷ್ಟವೇ ಅಮೈಲೇಸ್ ಜೀನಿನ ಸ್ವಿಚ್ ಒತ್ತುತ್ತದೆ ಎಂದು ಬಹಳ ಕಡೆ ಬರೆದಿರುತ್ತಾರೆ. ಬ್ಯಾಸಿಲಸ್ ಸಬ್ಟಿಲಿಸ್ ಮಟ್ಟಿಗೆ ಮುಖ್ಯವಾದದ್ದು ಗ್ಲೂಕೋಸ್ ಕಡಿಮೆ ಇರುವುದು ಮತ್ತು ಬೆಳವಣಿಗೆ ನಿಲ್ಲುವ ಹಂತಕ್ಕೆ ಬರುವುದು. ಪಿಷ್ಟಕ್ಕೆ ಒಂದು ಮಿತಿಯೂ ಇದೆ. ಶೇ. 1ರಿಂದ 2ರವರೆಗೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಹಾಕಿದರೆ ಮೀಡಿಯಾ ಗಂಜಿಯಾಗಿ ಗಾಳಿ ಬೆರೆಯುವುದೇ ಕಷ್ಟ.

ಕೆಲವು ಕಿಣ್ವಗಳಿಗೆ ನಿಜವಾಗಿಯೂ ಸ್ವಿಚ್ ಒತ್ತುವ ವಸ್ತು ಬೇಕು. ಗ್ಲೂಕೋಸನ್ನು ಫ್ರಕ್ಟೋಸ್ ಮಾಡುವ ಗ್ಲೂಕೋಸ್ ಐಸೋಮರೇಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಟ್ರೆಪ್ಟೋಮೈಸಿಸ್‌ನಲ್ಲಿ ಅದು ಮೂಲತಃ ಕ್ಸೈಲೋಸ್ ಎಂಬ ಸಕ್ಕರೆಗಾಗಿ ಇರುವ ಕಿಣ್ವ. ಹಾಗಾಗಿ ಕ್ಸೈಲೋಸ್ ಕೊಟ್ಟರೆ ಚೆನ್ನಾಗಿ ಬರುತ್ತದೆ. ಶುದ್ಧ ಕ್ಸೈಲೋಸ್ ದುಬಾರಿ. ಅದರ ಬದಲು ಗೋಧಿ ಬೂಸಾ ಬಳಸಬಹುದು. ಅದರಲ್ಲಿರುವ ಕ್ಸೈಲಾನ್ ಒಡೆದು ಕ್ಸೈಲೋಸ್ ತಾನಾಗಿಯೇ ಹೊರಬರುತ್ತದೆ. ಶುದ್ಧ ವಸ್ತುವೋ ಬೂಸಾದಂಥ ಕಚ್ಚಾ ವಸ್ತುವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಜೀನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಿದ್ದರೆ ಶುದ್ಧವಾದದ್ದು, ಕಿಣ್ವವೇ ಬೇಕಿದ್ದರೆ ಕಚ್ಚಾ ವಸ್ತು. ಕಚ್ಚಾ ವಸ್ತುವಿನಲ್ಲಿ ವಿಟಮಿನ್, ಲೋಹ, ಸಾರಜನಕ ಎಲ್ಲ ಸ್ವಲ್ಪ ಸ್ವಲ್ಪ ಸೇರಿರುತ್ತದೆ. ಒಂದು ಬ್ಯಾಚ್‌ನಂತೆ ಇನ್ನೊಂದು ಇರುವುದಿಲ್ಲ ಎಂಬುದೇ ಅದರ ದೋಷ.

ಗ್ಲಿಸರಾಲ್ ಗ್ಲೂಕೋಸ್ ಮತ್ತು ಪಿಷ್ಟದ ಮಧ್ಯದ ದಾರಿ. ಇ. ಕೋಲಿ ಅದರ ಮೇಲೆ ಗ್ಲೂಕೋಸ್‌ನಷ್ಟು ವೇಗವಾಗಿ ಬೆಳೆಯುವುದಿಲ್ಲ. ಆದರೆ ಬೇರೆ ಜೀನ್‌ಗಳ ಮೇಲೆ ಅದರ ತಡೆ ಸಣ್ಣದು, ಆಮ್ಲ ಸೇರುವುದೂ ಕಡಿಮೆ. ಯಾವುದನ್ನು ಹಾಕಲಿ ಎಂದು ಗೊಂದಲವಾದಾಗ ಇ. ಕೋಲಿಗೆ ಗ್ಲಿಸರಾಲ್‌ನಿಂದ ಶುರು ಮಾಡುವುದು ಒಳ್ಳೆಯದು.

ಸ್ವಿಚ್ ಒತ್ತುವ ವಿಧಾನ: ಐಪಿಟಿಜಿ ಅಥವಾ ಲ್ಯಾಕ್ಟೋಸ್

ಈ ಭಾಗ ಹೊರಗಿನ ಜೀನನ್ನು ಇ. ಕೋಲಿಯಲ್ಲಿ ಸೇರಿಸಿ ಕಿಣ್ವ ತೆಗೆಯುವವರಿಗೆ. ಐಪಿಟಿಜಿ ಲ್ಯಾಕ್ಟೋಸ್‌ನಿಂದ ಬರುವ ಸಂಕೇತವನ್ನು ಅನುಕರಿಸುವ ಒಂದು ರಾಸಾಯನಿಕ. ಆದರೆ ಕೋಶ ಅದನ್ನು ತಿನ್ನಲಾರದು. ಒಮ್ಮೆ ಹಾಕಿದರೆ ಕೊನೆಯವರೆಗೂ ಅಷ್ಟೇ ಇರುತ್ತದೆ. ಯಾವ ಗಳಿಗೆಯಲ್ಲಿ ಸ್ವಿಚ್ ಒತ್ತಿದಿರಿ ಎಂಬುದು ನಿಮಗೆ ಖಚಿತ. ಸಾಮಾನ್ಯವಾಗಿ 600 ನ್ಯಾನೋಮೀಟರ್‌ನಲ್ಲಿ ಓಡಿ (ದ್ರವ ಎಷ್ಟು ಮಬ್ಬಾಗಿದೆ, ಅಂದರೆ ಕೋಶ ಎಷ್ಟು ಬೆಳೆದಿವೆ ಎಂಬ ಅಳತೆ) 0.6ರಿಂದ 0.8 ಆದಾಗ 0.1ರಿಂದ 1 ಮಿಲಿಮೋಲಾರ್‌ನಷ್ಟು ಹಾಕುತ್ತಾರೆ. ಅದಕ್ಕಾಗಿ ಫ್ಲಾಸ್ಕ್ ಅಲುಗಿಸುವ ಶೇಕರ್ ಪಕ್ಕ ಕಾದು, ಮತ್ತೆ ಮತ್ತೆ ಓಡಿ ಅಳೆಯುತ್ತಿರಬೇಕು.

ಇನ್ನೊಂದು ದಾರಿ ತಾನಾಗಿ ಸ್ವಿಚ್ ಬೀಳುವ ಮೀಡಿಯಾ. ಇದನ್ನು ವಿಲಿಯಂ ಸ್ಟೂಡಿಯರ್ 2005ರಲ್ಲಿ ವಿವರವಾಗಿ ಪ್ರಕಟಿಸಿದರು. ಅದರಲ್ಲಿ ಶೇ. 0.05 ಗ್ಲೂಕೋಸ್, ಶೇ. 0.5 ಗ್ಲಿಸರಾಲ್, ಶೇ. 0.2 ಲ್ಯಾಕ್ಟೋಸ್ ಇರುತ್ತದೆ. ಗ್ಲೂಕೋಸ್ ಇರುವವರೆಗೆ ಜೀನ್ ಮಲಗಿರುತ್ತದೆ. ಅದು ಮುಗಿದ ಮೇಲೆ ಲ್ಯಾಕ್ಟೋಸ್ ಒಳಗೆ ಬಂದು ಸ್ವಿಚ್ ಒತ್ತುತ್ತದೆ. ಮೊನೊ ಕಂಡ ಅದೇ ಎರಡು ಹಂತದ ಬೆಳವಣಿಗೆ ಇಲ್ಲಿ ನಮ್ಮ ಕೆಲಸಕ್ಕೆ ಬಂದಿದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಎರಡರಲ್ಲಿ ಯಾವುದು? ಒಂದೇ ಕಿಣ್ವದ ಹತ್ತಾರು ರೂಪಗಳನ್ನು ಒಟ್ಟಿಗೆ ಪರೀಕ್ಷಿಸಬೇಕಿದ್ದರೆ ತಾನಾಗಿ ಸ್ವಿಚ್ ಬೀಳುವ ಮೀಡಿಯಾ ವಾಸಿ. ಒಂದೊಂದು ಫ್ಲಾಸ್ಕೂ ಬೇರೆ ಬೇರೆ ವೇಗದಲ್ಲಿ ಬೆಳೆದರೂ ಎಲ್ಲವೂ ತಮ್ಮ ತಮ್ಮ ಹೊತ್ತಿಗೆ ಸಿದ್ಧವಾಗುತ್ತವೆ. ಸಂಜೆ ಇಟ್ಟರೆ ಮರುದಿನ ತೆಗೆಯಬಹುದು. ಸ್ವಿಚ್ ಒತ್ತಿದ ಮೇಲೆ ಗಂಟೆಗಂಟೆಗೂ ಏನಾಗುತ್ತದೆ ಎಂದು ನೋಡಬೇಕಿದ್ದರೆ, ಅಥವಾ ತಾಪಮಾನವನ್ನು ಅದೇ ಹೊತ್ತಿಗೆ ಇಳಿಸಬೇಕಿದ್ದರೆ ಐಪಿಟಿಜಿ. ಲ್ಯಾಕ್ಟೋಸ್ ದಾರಿ ಹಿಡಿಯುವವರು ತಮ್ಮ ತಳಿಯಲ್ಲಿ ಲ್ಯಾಕ್ಟೋಸನ್ನು ಒಳಗೆ ತರುವ ಮತ್ತು ಒಡೆಯುವ ಜೀನ್‌ಗಳು ಸರಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಿಎಲ್21 ಡಿಇ3 ತಳಿಯಲ್ಲಿ ಅವು ಇವೆ. ಅವು ಕೆಟ್ಟಿರುವ ತಳಿಯಲ್ಲಿ ಸ್ವಿಚ್ ಬೀಳುವುದೇ ಇಲ್ಲ.

ಬೇಗ ಸಿಗುವ ಸಾರಜನಕ, ನಿಧಾನಕ್ಕೆ ಸಿಗುವ ಸಾರಜನಕ

ಸಕ್ಕರೆಯ ನಿಯಮವೇ ಇಲ್ಲೂ ನಡೆಯುತ್ತದೆ. ಅಮೋನಿಯಂ ಲವಣ ಅಗ್ಗ, ಶುದ್ಧ, ಬೇಗ ಬಳಕೆಯಾಗುತ್ತದೆ. ಆದರೆ ಪ್ರೋಟಿಯೇಸ್ ಬೇಕಿದ್ದರೆ ಅಮೋನಿಯಂ ಜಾಸ್ತಿ ಹಾಕುವುದು ಒಳ್ಳೆಯದಲ್ಲ. ಪ್ರೋಟೀನ್ ಒಡೆದು ಸಾರಜನಕ ತರುವ ಅಗತ್ಯವೇ ಬ್ಯಾಕ್ಟೀರಿಯಾಗೆ ಇರುವುದಿಲ್ಲವಲ್ಲ. ಕೇಸಿನ್, ಸೋಯಾ ಹಿಟ್ಟು ಥರದ, ನಿಧಾನವಾಗಿ ಒಡೆಯುವ ಪ್ರೋಟೀನ್ ಕೊಡುವುದು ಮೇಲು. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಅಂತೂ ಅಮೋನಿಯಂ ಕಂಡರೆ ತಯಾರಾಗುವುದೇ ಇಲ್ಲ.

ಯೂರಿಯಾ ಒಡೆಯುವ ಯೂರಿಯೇಸ್ ವಿಷಯದಲ್ಲಿ ಎಚ್ಚರಿಕೆ ಬೇಕು. ಒಂದೇ ಕಿಣ್ವವನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳು ಬೇರೆ ಬೇರೆ ರೀತಿ ನಡೆಸುತ್ತವೆ. ಕ್ಲೆಬ್ಸಿಯೆಲ್ಲಾದಲ್ಲಿ ಸಾರಜನಕದ ಕೊರತೆ ಬಿದ್ದಾಗ ಅದು ಏರುತ್ತದೆ. ಪ್ರೋಟಿಯಸ್‌ನಲ್ಲಿ ಯೂರಿಯಾ ಸಿಕ್ಕಾಗ ಏರುತ್ತದೆ. ಸ್ಪೋರೋಸಾರ್ಸಿನಾ ಪಾಶ್ಚುರೈ ಯಾವಾಗಲೂ ಅದನ್ನು ತಯಾರಿಸುತ್ತಲೇ ಇರುತ್ತದೆ. ಕಿಣ್ವದ ಹೆಸರು ನೋಡಿ ಮೀಡಿಯಾ ಆರಿಸಿದರೆ ಸಾಲದು. ಯಾವ ಬ್ಯಾಕ್ಟೀರಿಯಾದ್ದು ಎಂಬುದನ್ನೂ ನೋಡಬೇಕು.

ಸಾರಜನಕದ ಆಯ್ಕೆ ಪಿಎಚ್ ಅನ್ನೂ ತಿರುಗಿಸುತ್ತದೆ. ಬ್ಯಾಕ್ಟೀರಿಯಾ ಅಮೋನಿಯಂ ತಿಂದಾಗ ಮೀಡಿಯಾ ಹುಳಿಯಾಗುತ್ತದೆ. ಪೆಪ್ಟೋನ್ ಥರದ ಅರೆ ಒಡೆದ ಪ್ರೋಟೀನಿನ ಅಮೈನೋ ಆಮ್ಲಗಳನ್ನೇ ಶಕ್ತಿಗಾಗಿ ಒಡೆಯುವಾಗ ಅಮೋನಿಯಾ ಹೊರಬಿದ್ದು ಕ್ಷಾರವಾಗುತ್ತದೆ. ಪಿಎಚ್ 6, 7, 8 ಎಂದು ಮೂರು ಫ್ಲಾಸ್ಕ್ ಇಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ. ನೀವು ಹೊಂದಿಸಿದ್ದು ಶುರುವಿನ ಪಿಎಚ್ ಮಾತ್ರ. ಎರಡನೇ ದಿನ ಮೂರೂ ಫ್ಲಾಸ್ಕ್‌ಗಳ ಪಿಎಚ್ ಹತ್ತಿರಹತ್ತಿರ ಬಂದಿರಬಹುದು. ಕೊನೆಯ ಪಿಎಚ್ ಅಳೆದು ಬರೆದಿಡದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ಹಾಕಬಹುದು, ಆದರೆ ಫಾಸ್ಫೇಟ್ ಬಫರ್ ಜಾಸ್ತಿಯಾದರೆ ಕ್ಯಾಲ್ಸಿಯಂ ಗರಣೆಯಾಗಿ ಕೆಳಗೆ ಕೂರುತ್ತದೆ. ಅಮೈಲೇಸ್ ಗಟ್ಟಿಯಾಗಿ ಉಳಿಯಲು ಕ್ಯಾಲ್ಸಿಯಂ ಬೇಕು. ಇನ್ನು ಬೇರೆ ಅಣುಗಳಿಂದ ಫಾಸ್ಫೇಟ್ ಬಿಡಿಸುವ ಆಲ್ಕಲೈನ್ ಫಾಸ್ಫಟೇಸ್ ಬೇಕಿದ್ದರೆ ಫಾಸ್ಫೇಟ್ ಬಫರ್ ಬೇಡವೇ ಬೇಡ. ಇ. ಕೋಲಿ ಅದನ್ನು ತಯಾರಿಸುವುದೇ ಫಾಸ್ಫೇಟ್ ಕೊರತೆಯಾದಾಗ.

ತಾಪಮಾನ: ಮೂರು ಬೇರೆ ಬೇರೆ ಸಂಖ್ಯೆಗಳು

ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವ ತಾಪಮಾನ ಒಂದು. ಕಿಣ್ವ ಅತಿ ಜಾಸ್ತಿ ತಯಾರಾಗುವ ತಾಪಮಾನ ಇನ್ನೊಂದು. ತಯಾರಾದ ಕಿಣ್ವ ಅತಿ ವೇಗವಾಗಿ ಕೆಲಸ ಮಾಡುವ ತಾಪಮಾನ ಮತ್ತೊಂದು. ಈ ಮೂರನ್ನು ಕಲಸಿಬಿಡುವುದು ತುಂಬಾ ಸಾಮಾನ್ಯ.

ಬ್ಯಾಸಿಲಸ್ ಲೈಕೆನಿಫಾರ್ಮಿಸ್ ತಗೊಳ್ಳಿ. ಅದರ ಅಮೈಲೇಸ್ 90 ಡಿಗ್ರಿ ಸೆಲ್ಸಿಯಸ್ ದಾಟಿದರೂ ಪಿಷ್ಟ ಒಡೆಯುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಮಾತ್ರ ಬೆಳೆಯಲಾರದು. ಅದನ್ನು ಬೆಳೆಸುವುದು 37 ಡಿಗ್ರಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಪಿಸಿಆರ್‌ನಲ್ಲಿ (ಡಿಎನ್ಎ ಪ್ರತಿಗಳನ್ನು ತೆಗೆಯುವ ವಿಧಾನ) ಬಳಸುವ ಟ್ಯಾಕ್ ಪಾಲಿಮರೇಸ್ ಮೂಲತಃ ಥರ್ಮಸ್ ಅಕ್ವಾಟಿಕಸ್‌ನದು. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಅದನ್ನು ಹುಡುಕಿ 1969ರಲ್ಲಿ ವರದಿ ಮಾಡಿದರು. ಅದು 70 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೂ ಈ ಕಿಣ್ವವನ್ನು ಈಗ ಸಾಮಾನ್ಯವಾಗಿ ತಯಾರಿಸುವುದು ಇ. ಕೋಲಿಯಲ್ಲಿ, 37 ಡಿಗ್ರಿಯಲ್ಲಿ. ತಯಾರಾದ ಮೇಲೆ ಬಿಸಿ ಮಾಡಿದರೆ ಇ. ಕೋಲಿಯ ಪ್ರೋಟೀನ್‌ಗಳು ಹೆಪ್ಪುಗಟ್ಟಿ ಕೆಳಗಿಳಿಯುತ್ತವೆ, ಟ್ಯಾಕ್ ಹಾಗೇ ಉಳಿಯುತ್ತದೆ.

ತಯಾರಾಗುವ ತಾಪಮಾನ ಬೆಳವಣಿಗೆಯ ತಾಪಮಾನಕ್ಕಿಂತ ಕೆಳಗಿರುವ ಉದಾಹರಣೆಗಳು ಬಹಳ. ಇ. ಕೋಲಿಯ ಪೆನಿಸಿಲಿನ್ ಅಸೈಲೇಸ್ ನೋಡಿ. ಹೊಸ ಬಗೆಯ ಪೆನಿಸಿಲಿನ್ ತಯಾರಿಸಲು ಬೇಕಾಗುವ ಕಿಣ್ವ ಇದು. 37 ಡಿಗ್ರಿಯಲ್ಲಿ ಇ. ಕೋಲಿ ಸೊಗಸಾಗಿ ಬೆಳೆಯುತ್ತದೆ, ಆದರೆ ಈ ಕಿಣ್ವ ಹೆಚ್ಚುಕಮ್ಮಿ ಬರುವುದೇ ಇಲ್ಲ. 30 ಡಿಗ್ರಿಗಿಂತ ಕೆಳಗೆ ಇಳಿಸಿ, ಫಿನೈಲ್ ಅಸಿಟಿಕ್ ಆಮ್ಲ ಕೊಟ್ಟು, ಗ್ಲೂಕೋಸ್ ದೂರ ಇಟ್ಟರೆ ಬರುತ್ತದೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ತಣ್ಣಗಿನ ಹಾಲಿನಲ್ಲೂ ಬೆಳೆದು ಪ್ರೋಟಿಯೇಸ್, ಕೊಬ್ಬು ಒಡೆಯುವ ಲೈಪೇಸ್ ಬಿಡುತ್ತದೆ. ಹಾಲು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆ ಕಿಣ್ವಗಳು ಮಾತ್ರ ಉಳಿದು ಹಾಲು ಕೆಡಿಸುತ್ತವೆ. ಡೈರಿ ತಂತ್ರಜ್ಞರಿಗೆ ಇದು ಹಳೆಯ ತಲೆನೋವು.

ಹೊರಗಿನ ಜೀನ್ ಹಾಕಿದ ಇ. ಕೋಲಿಯಲ್ಲಿ ತಾಪಮಾನ ಇಳಿಸಲು ಬೇರೆಯೇ ಕಾರಣವಿದೆ. 37 ಡಿಗ್ರಿಯಲ್ಲಿ ಪ್ರೋಟೀನ್ ಬೇಗ ಬೇಗ ತಯಾರಾಗುತ್ತದೆ. ಸರಿಯಾಗಿ ಮಡಚಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಒಂದಕ್ಕೊಂದು ಅಂಟಿ ಕರಗದ ಮುದ್ದೆಯಾಗುತ್ತದೆ. ಜೆಲ್‌ನಲ್ಲಿ (ಪ್ರೋಟೀನ್ ಬೇರ್ಪಡಿಸಿ ನೋಡುವ ಪದರ) ದಪ್ಪ ಗೆರೆ ಕಾಣುತ್ತದೆ, ಕಿಣ್ವದ ಕೆಲಸ ಕಾಣುವುದಿಲ್ಲ. 37 ಡಿಗ್ರಿಯಲ್ಲಿ 3 ಗಂಟೆ ಇಡುವುದೋ, 16ರಿಂದ 20 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದೋ? ಕಿಣ್ವ ಈಗಾಗಲೇ ಕರಗಿದ ರೂಪದಲ್ಲಿ ಬರುತ್ತಿದ್ದರೆ 37 ಸಾಕು, ಹೊತ್ತು ಉಳಿಯುತ್ತದೆ. ಹೊಸ ಕಿಣ್ವವಾದರೆ ಎರಡನ್ನೂ ಒಟ್ಟಿಗೆ ನೋಡಿ. ಒಂದೇ ಆರಿಸಬೇಕೆಂದರೆ ನಾನು ಕಡಿಮೆ ತಾಪಮಾನದ ಕಡೆ. ಅಲ್ಲಿ ಐಪಿಟಿಜಿ ಪ್ರಮಾಣವನ್ನೂ ಇಳಿಸಿ.

ಗಾಳಿ ಎಷ್ಟು

30 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ. ಅದೇ ಲೀಟರ್‌ಗೆ ನೀವು ಸಕ್ಕರೆ ಹಾಕುವುದು 10 ಗ್ರಾಂ ಲೆಕ್ಕದಲ್ಲಿ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಸಾಕು, ಗಾಳಿಯ ಬೆಲೆ ತಿಳಿಯುತ್ತದೆ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಆ 7.5 ಮಿಲಿಗ್ರಾಮನ್ನು ಒಂದು ನಿಮಿಷದೊಳಗೆ ಮುಗಿಸಬಲ್ಲದು. ಹೊಸ ಆಮ್ಲಜನಕ ಕರಗುತ್ತಲೇ ಇರಬೇಕು.

ಶೇಕರ್ ವೇಗ ಹೆಚ್ಚಿಸುವುದೋ, ದ್ರವ ಕಡಿಮೆ ಮಾಡುವುದೋ? ಮೊದಲು ದ್ರವ ಕಡಿಮೆ ಮಾಡಿ. 250 ಮಿಲಿ ಫ್ಲಾಸ್ಕ್‌ಗೆ 25ರಿಂದ 50 ಮಿಲಿ ಸಾಕು. ಅರ್ಧ ಫ್ಲಾಸ್ಕ್ ತುಂಬಿ ಎಷ್ಟು ಜೋರಾಗಿ ಅಲುಗಿಸಿದರೂ ಪ್ರಯೋಜನ ಕಡಿಮೆ. ಗೋಡೆಯಲ್ಲಿ ಮಡಿಕೆ ಇರುವ ಫ್ಲಾಸ್ಕ್ ಇನ್ನೂ ಜಾಸ್ತಿ ಗಾಳಿ ಬೆರೆಸುತ್ತದೆ. ಆದರೆ ನೊರೆ ಬಂದು ಹತ್ತಿ ಬಿರಡೆ ನೆನೆದರೆ ಗಾಳಿಯ ದಾರಿಯೇ ಕಟ್ಟುತ್ತದೆ. ನೊರೆ ತಡೆಯಲು ಹಾಕುವ ಎಣ್ಣೆಯೂ ಆಮ್ಲಜನಕ ಕರಗುವುದನ್ನು ಕುಗ್ಗಿಸುತ್ತದೆ. ಕಡಿಮೆ ಹಾಕಿ.

ಎಲ್ಲ ಕಿಣ್ವಕ್ಕೂ ಗಾಳಿ ಜಾಸ್ತಿ ಇದ್ದರೆ ಒಳ್ಳೆಯದು ಎಂದಲ್ಲ. ಮಕ್ಕಳಲ್ಲಿ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಔಷಧಿಯಾಗಿ ಬಳಸುವ ಎಲ್-ಆಸ್ಪರಾಜಿನೇಸ್ ಇ. ಕೋಲಿಯಲ್ಲಿ ಎರಡು ರೂಪದಲ್ಲಿದೆ. ಔಷಧಿಗೆ ಬೇಕಾದ ಎರಡನೇ ರೂಪ ಆಮ್ಲಜನಕ ಕಡಿಮೆಯಾದಾಗ ಏರುತ್ತದೆ, ಗ್ಲೂಕೋಸ್ ಇದ್ದರೆ ಇಳಿಯುತ್ತದೆ. ಇಂಥ ಕಿಣ್ವಕ್ಕೆ ಶೇಕರ್ ವೇಗ ಏರಿಸುತ್ತಾ ಹೋದರೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಬೇಕಾದದ್ದು ಸಿಗುವುದಿಲ್ಲ. ಮೊದಲು ಗಾಳಿ ಕೊಟ್ಟು ಬೆಳೆಸಿ, ಆಮೇಲೆ ಗಾಳಿ ಇಳಿಸುವುದು ಇಲ್ಲಿ ಜಾಣತನ.

ಬೂಸಾ ಮೇಲೆ ಬೆಳೆಸುವುದೋ, ದ್ರವದಲ್ಲೋ

ತೇವ ಮಾಡಿದ ಬೂಸಾದ ಮೇಲೆ ಬೆಳೆಸಿದರೆ ಖರ್ಚು ಕಡಿಮೆ. ಸ್ವಲ್ಪ ನೀರಿನಲ್ಲೇ ಕಿಣ್ವ ತೊಳೆದು ತೆಗೆಯಬಹುದು, ಸಾರ ಗಾಢವಾಗಿ ಸಿಗುತ್ತದೆ. ಹೊರಗೆ ಬಿಡುವ ಅಮೈಲೇಸ್, ಪ್ರೋಟಿಯೇಸ್‌ಗೆ, ಅದರಲ್ಲೂ ಬ್ಯಾಸಿಲಸ್‌ಗೆ ಇದು ಒಗ್ಗುತ್ತದೆ. ಆದರೆ ಶಿಲೀಂಧ್ರಗಳಿಗೆ ಹೋಲಿಸಿದರೆ ಬ್ಯಾಕ್ಟೀರಿಯಾಗಳಿಗೆ ನೀರು ಜಾಸ್ತಿ ಬೇಕು. ನೀರು ಜಾಸ್ತಿಯಾದರೆ ಬೂಸಾ ಅಂಟಿಕೊಂಡು ಗಾಳಿ ಆಡುವುದಿಲ್ಲ. ರಾಶಿ ದಪ್ಪವಾದರೆ ಒಳಗಿನ ಶಾಖ ಹೊರಬರುವುದಿಲ್ಲ. ಪಿಎಚ್ ಮಧ್ಯದಲ್ಲಿ ಸರಿಪಡಿಸುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಶುದ್ಧ ಕಿಣ್ವ ಬೇಕಿರುವವರಿಗೂ, ಪರಿಸ್ಥಿತಿ ಹಿಡಿತದಲ್ಲಿ ಇರಬೇಕೆನ್ನುವವರಿಗೂ ದ್ರವವೇ ಸರಿ. ಬೂಸಾ ಲೆಕ್ಕ ಗ್ರಾಂಗೆ ಇಷ್ಟು ಯೂನಿಟ್ (ಕಿಣ್ವ ಮಾಡುವ ಕೆಲಸದ ಅಳತೆ), ದ್ರವದ ಲೆಕ್ಕ ಮಿಲಿಗೆ ಇಷ್ಟು ಯೂನಿಟ್. ಇವೆರಡನ್ನು ನೇರವಾಗಿ ಪಕ್ಕದಲ್ಲಿಟ್ಟು ಒಂದು ದೊಡ್ಡದು ಎನ್ನಲು ಬರುವುದಿಲ್ಲ.

ದ್ರವ ಆರಿಸಿದಿರಿ, ಫರ್ಮೆಂಟರ್ (ಗಾಳಿ, ಪಿಎಚ್, ಆಹಾರ ಹಿಡಿತದಲ್ಲಿಡುವ ಪಾತ್ರೆ) ಇದೆ ಎಂದಾದರೆ ಆಹಾರವನ್ನು ಶುರುವಿನಲ್ಲೇ ಪೂರ್ತಿ ಹಾಕಬೇಡಿ, ಹನಿಹನಿಯಾಗಿ ಕೊಡಿ. ಗ್ಲೂಕೋಸ್ ಒಳಗೆ ಬಂದ ಕೂಡಲೇ ಮುಗಿಯುವಂತೆ ಕೊಟ್ಟರೆ ತಡೆ ಬೀಳುವುದಿಲ್ಲ, ಇ. ಕೋಲಿ ಅಸಿಟಿಕ್ ಆಮ್ಲ ಬಿಡುವುದಿಲ್ಲ. ಗ್ಲೂಕೋಸನ್ನೇ ಬಳಸಿ, ಅದರ ಅಡ್ಡಿ ಇಲ್ಲದೆ ಕಿಣ್ವ ತೆಗೆಯುವ ದಾರಿ ಇದು. ನಿರಂತರವಾಗಿ ಹೊಸ ಮೀಡಿಯಾ ಹರಿಸುವ ವಿಧಾನವೂ ಇದೆ. ಬೆಳವಣಿಗೆಯ ವೇಗವೊಂದನ್ನೇ ಬದಲಿಸಿ ಕಿಣ್ವಕ್ಕೆ ಏನಾಗುತ್ತದೆ ಎಂದು ತಿಳಿಯಲು ಅದಕ್ಕೆ ಸಮಾನವಿಲ್ಲ. ಉತ್ಪಾದನೆಗೆ ಮಾತ್ರ ಬೇಡ. ಕಿಣ್ವ ತಯಾರಿಸುವುದನ್ನು ಬಿಟ್ಟ ಕೋಶಗಳು ವೇಗವಾಗಿ ಬೆಳೆದು, ಕೆಲವು ವಾರಗಳಲ್ಲಿ ಅವೇ ತುಂಬಿಕೊಳ್ಳಬಹುದು.

ಹೋಲಿಸುವಾಗ ಏನನ್ನು ಅಳೆಯಬೇಕು

ಎರಡು ಮೀಡಿಯಾ ಹೋಲಿಸಿದಿರಿ ಎಂದುಕೊಳ್ಳಿ. ಒಂದರಲ್ಲಿ 72 ಗಂಟೆಗೆ ಮಿಲಿಗೆ 100 ಯೂನಿಟ್. ಇನ್ನೊಂದರಲ್ಲಿ 24 ಗಂಟೆಗೆ 80 ಯೂನಿಟ್. ಯಾವುದು ಮೇಲು? ಗಂಟೆಯ ಲೆಕ್ಕ ಹಿಡಿದರೆ ಎರಡನೆಯದು ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟಿದೆ. ಮೀಡಿಯಾ ದುಬಾರಿಯಾಗಿದ್ದು ಹೊತ್ತು ಬೇಕಾದಷ್ಟಿದ್ದರೆ ಮೊದಲನೆಯದು. ಬ್ಯಾಕ್ಟೀರಿಯಾದ ಒಣತೂಕಕ್ಕೆ ಎಷ್ಟು ಯೂನಿಟ್ ಎಂದು ನೋಡಿದರೆ ಮಾತ್ರ ಪರಿಸ್ಥಿತಿ ಜೀನನ್ನು ಎಬ್ಬಿಸಿತೋ ಅಥವಾ ಸುಮ್ನೆ ಕೋಶಗಳ ಸಂಖ್ಯೆ ಹೆಚ್ಚಿಸಿತೋ ಎಂಬುದು ತಿಳಿಯುತ್ತದೆ. ಮೂರನ್ನೂ ಬರೆದಿಡಿ.

ಡಿಎನ್ಎಸ್ (ಸಕ್ಕರೆ ಜೊತೆ ಸೇರಿ ಬಣ್ಣ ಕೊಡುವ ರಾಸಾಯನಿಕ) ವಿಧಾನದಲ್ಲಿ ಅಮೈಲೇಸ್ ಅಳೆಯುವವರಿಗೆ ಒಂದು ಮಾತು. ಅದು ಅಳೆಯುವುದು ಬಿಡುಗಡೆಯಾದ ಸಕ್ಕರೆಯನ್ನು. ಮೀಡಿಯಾದಲ್ಲಿ ಉಳಿದ ಗ್ಲೂಕೋಸ್ ಕೂಡ ಅದೇ ಬಣ್ಣ ಕೊಡುತ್ತದೆ. ಗ್ಲೂಕೋಸ್ ಹಾಕಿದ ಫ್ಲಾಸ್ಕ್‌ನಲ್ಲಿ ಕಿಣ್ವ ಜಾಸ್ತಿ ಇದೆ ಎಂಬ ಸುಳ್ಳು ಫಲಿತಾಂಶ ಹೀಗೇ ಬರುತ್ತದೆ. ಪ್ರತಿ ಫ್ಲಾಸ್ಕ್‌ಗೂ ಅದರದೇ ಬ್ಲ್ಯಾಂಕ್ (ಕಿಣ್ವ ಕೆಲಸ ಮಾಡದ ಹೋಲಿಕೆ ಮಾದರಿ) ಇರಬೇಕು. ಕಿಣ್ವ ಕುದಿಸಿ ಬ್ಲ್ಯಾಂಕ್ ಮಾಡುವುದು ಲೈಕೆನಿಫಾರ್ಮಿಸ್ ಅಮೈಲೇಸ್‌ಗೆ ನಂಬಿಕೆಯ ದಾರಿಯಲ್ಲ, ಅದು ಕುದಿಯನ್ನೂ ತಾಳಿಕೊಳ್ಳಬಹುದು. ಬ್ಲ್ಯಾಂಕ್ ಮಾಡುವಾಗ ಮೊದಲು ಡಿಎನ್ಎಸ್ ಹಾಕಿ, ಆಮೇಲೆ ಕಿಣ್ವ ಹಾಕಿ.

ಒಂದೊಂದೇ ಅಂಶ ಬದಲಿಸಿ ನೋಡುವುದೋ, ಹಲವನ್ನು ಒಟ್ಟಿಗೆ ಬದಲಿಸುವುದೋ? ಸಕ್ಕರೆ ಯಾವುದು, ಸಾರಜನಕ ಯಾವುದು ಎಂಬಂಥ ದೊಡ್ಡ ಪ್ರಶ್ನೆಗೆ ಒಂದೊಂದೇ ಸಾಕು. ಪ್ರಮಾಣಗಳ ವಿಷಯಕ್ಕೆ ಬಂದಾಗ ಅದು ದಾರಿ ತಪ್ಪಿಸುತ್ತದೆ. ಗಾಳಿ ಕಡಿಮೆ ಇರುವಾಗ ಸಕ್ಕರೆ ಶೇ. 1 ಸಾಕು ಅನ್ನಿಸಿದ್ದು, ಗಾಳಿ ಜಾಸ್ತಿಯಾದರೆ ಶೇ. 2 ಬೇಕಾಗಬಹುದು. ಈ ಜೋಡಿ ಪರಿಣಾಮ ಒಂದೊಂದೇ ಬದಲಿಸಿದರೆ ಕಾಣುವುದಿಲ್ಲ. ಪ್ಲ್ಯಾಕೆಟ್ ಮತ್ತು ಬರ್ಮನ್ ಎಂಬಿಬ್ಬರು 1946ರಲ್ಲಿ ಕೊಟ್ಟ ಪ್ರಯೋಗ ವಿನ್ಯಾಸದಲ್ಲಿ 12 ಪ್ರಯೋಗಗಳಲ್ಲಿ 11 ಅಂಶಗಳವರೆಗೆ ಜರಡಿ ಹಿಡಿಯಬಹುದು. ಅದು ಜೋಡಿ ಪರಿಣಾಮ ಹೇಳುವುದಿಲ್ಲ, ಮುಖ್ಯವಾದ ಎರಡು ಮೂರು ಅಂಶಗಳನ್ನು ಆರಿಸಿಕೊಡುತ್ತದೆ. ಅವುಗಳ ಮೇಲೆ ಜೋಡಿ ಪರಿಣಾಮವನ್ನೂ ತೋರಿಸುವ ಬಾಕ್ಸ್-ಬೆನ್ಕೆನ್ ಥರದ ವಿನ್ಯಾಸ ನಡೆಸಿ. ಸಕ್ಕರೆ ಯಾವುದೆಂದು ತೀರ್ಮಾನಿಸದೆ ನೇರವಾಗಿ ಈ ಲೆಕ್ಕಕ್ಕೆ ಇಳಿಯಬೇಡಿ. ತಪ್ಪು ಸಕ್ಕರೆಯ ಅತ್ಯುತ್ತಮ ಪ್ರಮಾಣ ಕಂಡುಹಿಡಿದು ಏನು ಉಪಯೋಗ?

ಯಾವಾಗ ತೆಗೆಯಬೇಕು ಎಂಬುದೂ ಒಂದು ಆಯ್ಕೆಯೇ. ಬ್ಯಾಸಿಲಸ್‌ನಲ್ಲಿ ಬೆಳವಣಿಗೆ ನಿಲ್ಲುತ್ತಿರುವಾಗ ಅಮೈಲೇಸ್ ಏರುತ್ತದೆ. ಅದೇ ಹೊತ್ತಿಗೆ ಪ್ರೋಟಿಯೇಸ್ ಕೂಡ ಏರಿ, ಆ ಅಮೈಲೇಸನ್ನೇ ಕತ್ತರಿಸತೊಡಗಬಹುದು. 48 ಗಂಟೆಗೆ ಒಂದೇ ಸಲ ಅಳೆದರೆ ನೀವು ನೋಡುತ್ತಿರುವುದು ಏರುವ ಗೆರೆಯೋ ಇಳಿಯುವ ಗೆರೆಯೋ ಗೊತ್ತಾಗುವುದಿಲ್ಲ. ಮೊದಲ ಸಲ ಬೆಳೆಸುವಾಗ 4ರಿಂದ 6 ಗಂಟೆಗೊಮ್ಮೆ ಸ್ವಲ್ಪ ದ್ರವ ತೆಗೆಯಿರಿ. ಓಡಿ ಮತ್ತು ಪಿಎಚ್ ನೋಡಿ. ಸೆಂಟ್ರಿಫ್ಯೂಜ್‌ನಲ್ಲಿ ಕೋಶಗಳನ್ನು ಕೆಳಗಿಳಿಸಿ, ಮೇಲಿನ ದ್ರವವನ್ನು ಐಸ್ ಮೇಲಿಟ್ಟು ಅದೇ ದಿನ ಕಿಣ್ವ ಅಳೆಯಿರಿ. ಕಿಣ್ವ ಎಷ್ಟು ಗಂಟೆಗೆ ತುತ್ತತುದಿ ಮುಟ್ಟುತ್ತದೆಯೋ, ಆ ತಳಿಗೆ ಆ ಮೀಡಿಯಾದಲ್ಲಿ ಅದೇ ಕೊಯ್ಲಿನ ಹೊತ್ತು. ಮೀಡಿಯಾ ಬದಲಿಸಿದಾಗಲೆಲ್ಲ ಈ ಗೆರೆಯನ್ನು ಹೊಸದಾಗಿ ಎಳೆಯಬೇಕು.